ಬೇರ್ಪಡಿಸಲೆಂದು ಕಟ್ಟಿದ ವಿದ್ಯಾಲಯ: ಇಂಡಿಯಾನಾಪೊಲಿಸ್ ನಗರದ ಕ್ರಿಸ್ಪಸ್ ಅಟಕ್ಸ್ ಪ್ರೌಢಶಾಲೆ

ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸ್ಥಾಪಕರ ಔದಾರ್ಯದಿಂದ ಆರಂಭಿಸುತ್ತಾರೆ. ಭೂಮಿ ಕೊಟ್ಟವರು, ಕಟ್ಟಡ ಕಟ್ಟಿಸಿದವರು, ವಿದ್ಯಾರ್ಥಿಗಳಿಗೆ ಅನ್ನವಿತ್ತವರು, ಇವರ ಸ್ಮರಣೆ ಮೊದಲು. ಸಂಸ್ಥೆಯ ಬೆಳವಣಿಗೆಯ ವಿವರ ಅನಂತರ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಇಂಡಿಯಾನಾ ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್ ನಗರದಲ್ಲಿ 1927ರಲ್ಲಿ ತೆರೆದ ಕ್ರಿಸ್ಪಸ್ ಅಟಕ್ಸ್ ಪ್ರೌಢಶಾಲೆಯ ಚರಿತ್ರೆಯನ್ನು ಹಾಗೆ ಆರಂಭಿಸುವಂತಿಲ್ಲ. ಅದನ್ನು ಕಟ್ಟಿಸಿದವರಿಗೆ ಅಲ್ಲಿ ಓದಬೇಕಾದ ಮಕ್ಕಳ ಮೇಲೆ ಪ್ರೀತಿಯಿರಲಿಲ್ಲ; ಯಾರ ಮಕ್ಕಳಿಗಾಗಿ ಕಟ್ಟಿಸಿದರೋ ಅವರು ಅದು ಬೇಡವೆಂದು ನ್ಯಾಯಾಲಯದವರೆಗೂ ಹೋಗಿದ್ದರು. ಹೀಗೆ ಇಬ್ಬರಿಗೂ ಇಷ್ಟವಿಲ್ಲದ ಗಳಿಗೆಯಲ್ಲಿ ಹುಟ್ಟಿದ ಶಾಲೆ ಒಂದೇ ತಲೆಮಾರಿನೊಳಗೆ ಪಾಂಡಿತ್ಯ, ಸಂಗೀತ, ಕ್ರೀಡೆ ಈ ಮೂರರಲ್ಲಿಯೂ ಆ ರಾಜ್ಯಕ್ಕೆ ಕೀರ್ತಿ ತಂದುದು ಹೇಗೆ, ಅದೇ ಶಾಲೆ ಸಮಾನತೆಯ ಕಾನೂನು ಬಂದ ಮೇಲೆ ಕ್ಷೀಣಿಸಿದುದು ಏಕೆ ಎಂಬ ಪ್ರಶ್ನೆಗಳು ಶಿಕ್ಷಣದಲ್ಲಿ ಆಸಕ್ತಿಯುಳ್ಳ ಯಾರಿಗಾದರೂ ವಿಚಾರಾರ್ಹವಾಗಿವೆ.

ಇಂಡಿಯಾನಾ ಅಮೆರಿಕದ ಉತ್ತರ ಭಾಗದ ರಾಜ್ಯ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಸಾಲಿಗೆ ಅದು ಸೇರಿದುದಲ್ಲ. ಆದರೂ ಅಲ್ಲಿಯ 1877ರ ಶಾಸನ ಕರಿಯ ಮಕ್ಕಳಿಗಾಗಿ ಪ್ರತ್ಯೇಕ ಶಾಲೆಗಳನ್ನು ನಡೆಸಲು ಸ್ಥಳೀಯ ಅಧಿಕಾರಿಗಳಿಗೆ ಅವಕಾಶ ಕೊಟ್ಟಿತ್ತು. ಇಂಡಿಯಾನಾಪೊಲಿಸ್‌ನಲ್ಲಿ ಪ್ರಾಥಮಿಕ ಶಾಲೆಗಳು ಬೇರೆಬೇರೆಯಾಗಿದ್ದವು. ಪ್ರೌಢಶಾಲೆಗಳು ಮಾತ್ರ ಹಾಗಿರಲಿಲ್ಲ. ಷಾರ್ಟ್‌ರಿಜ್, ಮ್ಯಾನ್ಯುಯಲ್, ಆರ್ಸೆನಲ್ ಟೆಕ್ನಿಕಲ್ ಎಂಬ ಮೂರು ಶಾಲೆಗಳಲ್ಲಿ ಕರಿಯ ವಿದ್ಯಾರ್ಥಿಗಳು ಬಿಳಿಯರೊಡನೆ ಒಂದೇ ಕೊಠಡಿಯಲ್ಲಿ ಕುಳಿತು ಓದುತ್ತಿದ್ದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ದಕ್ಷಿಣದಿಂದ ಸಹಸ್ರಾರು ಕರಿಯ ಕುಟುಂಬಗಳು ಕಾರ್ಖಾನೆಗಳ ಕೆಲಸಕ್ಕಾಗಿ ಉತ್ತರದ ನಗರಗಳಿಗೆ ವಲಸೆ ಬಂದವು. ಅವರ ಸಂಖ್ಯೆ ಹೆಚ್ಚಿದಂತೆ ಬಿಳಿಯ ನಾಗರಿಕ ಸಂಘಗಳ ಅಸಹನೆಯೂ ಹೆಚ್ಚಿತು. ಪ್ರತ್ಯೇಕ ಪ್ರೌಢಶಾಲೆ ಬೇಕೆಂಬ ಮನವಿಗಳು ಶಾಲಾ ಮಂಡಲಿಗೆ ಬಂದವು. 1922ರ ಡಿಸೆಂಬರ್‌ನಲ್ಲಿ ಮಂಡಲಿ ಅದಕ್ಕೆ ಒಪ್ಪಿಗೆಯಿತ್ತಿತು. ಪ್ರತ್ಯೇಕವಾದ ಶಾಲೆಯಿದ್ದರೆ ಕರಿಯ ಮಕ್ಕಳಲ್ಲಿ ಸ್ವಾವಲಂಬನೆ ಮತ್ತು ಸ್ವಪ್ರೇರಣೆ ಬೆಳೆಯಲು ಅವಕಾಶವಾಗುತ್ತದೆ ಎಂಬ ಸಮರ್ಥನೆಯೂ ದೊರೆಯಿತು. ಹೊರಗಿಡುವವರು ಹೊರಗಿಡಲ್ಪಟ್ಟವರ ಹಿತದ ಭಾಷೆಯಲ್ಲಿಯೇ ಮಾತನಾಡುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ.

ಈ ಶಾಲೆಯನ್ನು ಕಟ್ಟಿಸಿದುದು ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಉಗ್ರ ಸಂಘಟನೆ ಎಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಇದು ಅರ್ಧಸತ್ಯ. ಆ ದಶಕದಲ್ಲಿ ಕ್ಲಾನ್ ಇಂಡಿಯಾನಾದಲ್ಲಿ ಎಷ್ಟು ಪ್ರಬಲವಾಗಿತ್ತೆಂದರೆ 1924ರಲ್ಲಿ ರಾಜ್ಯಪಾಲನಾಗಿ ಚುನಾಯಿತನಾದ ಎಡ್ವರ್ಡ್ ಜಾಕ್ಸನ್ ಅದರ ಬೆಂಬಲದಿಂದಲೇ ಗೆದ್ದವನು. 1925ರ ಚುನಾವಣೆಯಲ್ಲಿ ನಗರದ ಶಾಲಾ ಮಂಡಲಿಯೂ ಕ್ಲಾನ್ ಬೆಂಬಲಿತರ ಕೈಸೇರಿತು; ಶಾಲೆಯ ಬಾಗಿಲು ತೆರೆದುದು ಅವರ ಆಡಳಿತದಲ್ಲಿಯೇ. ಆದರೆ ನಿರ್ಧಾರವಾದುದು ಅದಕ್ಕೆ ಮೂರು ವರ್ಷ ಮುಂಚೆ, ನಗರದ ಗಣ್ಯ ವರ್ತಕರ ಹಾಗೂ ಸಭ್ಯ ಗೃಹಸ್ಥರ ಒತ್ತಾಯದಿಂದ. ಈ ಭೇದವನ್ನು ಮರೆಯಬಾರದು. ಮುಖವಾಡ ತೊಟ್ಟ ಕ್ಲಾನಿನ ಮೇಲೆ ಎಲ್ಲ ದೋಷವನ್ನೂ ಹೊರಿಸುವುದರಿಂದ ಮುಖವಾಡವಿಲ್ಲದೆಯೇ ಅರ್ಜಿಗೆ ಸಹಿ ಹಾಕಿದವರು ಚರಿತ್ರೆಯಿಂದ ನುಣುಚಿಕೊಳ್ಳುತ್ತಾರೆ.

ಕರಿಯ ಜನಾಂಗದ ಧರ್ಮಬೋಧಕರೂ ನಾಗರಿಕ ಸಂಘಟನೆಗಳೂ ಈ ಯೋಜನೆಯನ್ನು ತೀವ್ರವಾಗಿ ವಿರೋಧಿಸಿದರು. ಆರ್ಚೀ ಗ್ರೇಟ್‌ಹೌಸ್ ಎಂಬ ನಾಗರಿಕರು ಹೂಡಿದ ದಾವೆ ರಾಜ್ಯದ ಉಚ್ಚತಮ ನ್ಯಾಯಾಲಯದವರೆಗೆ ಹೋಯಿತು. 1926ರಲ್ಲಿ ತೀರ್ಪು ಅವರಿಗೆ ಪ್ರತಿಕೂಲವಾಯಿತು. ಉಳಿದುದು ಹೆಸರಿನ ಪ್ರಶ್ನೆಯೊಂದೇ. ಮಂಡಲಿ ಸೂಚಿಸಿದ ಹೆಸರು ಥಾಮಸ್ ಜೆಫರ್ಸನ್ ಪ್ರೌಢಶಾಲೆ. ಜೆಫರ್ಸನ್ ಸ್ವಾತಂತ್ರ್ಯ ಘೋಷಣೆಯ ಕರ್ತೃ ನಿಜ, ಆದರೆ ನೂರಾರು ಗುಲಾಮರ ಒಡೆಯನೂ ಹೌದು. ಕರಿಯ ನಾಗರಿಕರು ಆ ಹೆಸರನ್ನು ಒಪ್ಪಲಿಲ್ಲ. 1770ರ ಮಾರ್ಚ್ 5ರಂದು ಬಾಸ್ಟನ್ ನಗರದಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಬಲಿಯಾದ, ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಮೊದಲ ಹುತಾತ್ಮರಲ್ಲಿ ಒಬ್ಬನೆಂದು ಗಣಿಸಲ್ಪಡುವ ಕ್ರಿಸ್ಪಸ್ ಅಟಕ್ಸ್‌ನ ಹೆಸರನ್ನು ಅವರು ಕೇಳಿ ಪಡೆದರು. ಅವನು ನಾವಿಕ; ಆಫ್ರಿಕಾದ ಹಾಗೂ ಅಮೆರಿಕದ ಮೂಲನಿವಾಸಿಗಳ ರಕ್ತ ಅವನಲ್ಲಿ ಬೆರೆತಿತ್ತು. ಶಾಲೆ ತಮ್ಮ ಇಚ್ಛೆಗೆ ವಿರುದ್ಧವಾಗಿ ಬಂದರೂ ಅದರ ಹೆಸರನ್ನು ಅವರು ತಮ್ಮದಾಗಿ ಮಾಡಿಕೊಂಡರು.

1927ರ ಸೆಪ್ಟೆಂಬರ್ 12ರಂದು ಶಾಲೆ ಆರಂಭವಾಯಿತು. ನಿರೀಕ್ಷಿಸಿದ್ದುದು ಸುಮಾರು ಸಾವಿರ ವಿದ್ಯಾರ್ಥಿಗಳನ್ನು. ಬಂದು ಸೇರಿದವರು ಸಾವಿರದ ಮುನ್ನೂರಕ್ಕೂ ಹೆಚ್ಚು. ಕರಿಯ ವಿದ್ಯಾರ್ಥಿಗಳಿಗೆ ನಗರದ ಬೇರೆ ಪ್ರೌಢಶಾಲೆಗಳ ಬಾಗಿಲು ಮುಚ್ಚಿತ್ತಾದುದರಿಂದ ಮೊದಲ ದಿನದಿಂದಲೇ ಕಟ್ಟಡ ಕಿರಿದಾಯಿತು. ಆದರೆ ಅಧ್ಯಾಪಕವರ್ಗದ ವಿಷಯದಲ್ಲಿ ಶಾಲಾ ಮಂಡಲಿ ಊಹಿಸದಿದ್ದ ಒಂದು ಸಂಗತಿ ನಡೆಯಿತು. ಅಂದಿನ ಅಮೆರಿಕದಲ್ಲಿ ಉನ್ನತ ಪದವಿಗಳನ್ನು ಗಳಿಸಿದ ಕರಿಯ ವಿದ್ವಾಂಸರಿಗೆ ಬಿಳಿಯರ ವಿಶ್ವವಿದ್ಯಾಲಯಗಳಲ್ಲಿ ಸ್ಥಾನವಿರಲಿಲ್ಲ. ಉತ್ತರದ ಅನೇಕ ಊರುಗಳ ಪ್ರೌಢಶಾಲೆಗಳಲ್ಲಿಯೂ ಇರಲಿಲ್ಲ. ಮೊದಲ ಪ್ರಾಚಾರ್ಯ ಮಥಾಯಸ್ ನಾಲ್‌ಕಾಕ್ಸ್ ಅವರು ದೇಶವನ್ನೆಲ್ಲ ಶೋಧಿಸಿ ಅಂಥವರನ್ನು ಕರೆತಂದರು. ಪರಿಣಾಮವಾಗಿ ಕಾಲೇಜಿನಲ್ಲಿ ಪಾಠ ಹೇಳಬಲ್ಲವರು ಇಲ್ಲಿ ಹದಿನಾಲ್ಕು ಹದಿನೈದು ವರ್ಷದ ಮಕ್ಕಳಿಗೆ ಗುರುಗಳಾದರು. ಒಂದು ಅನ್ಯಾಯ ಇನ್ನೊಂದು ಅನ್ಯಾಯವನ್ನು ಸಂಧಿಸಿದಾಗ ಹುಟ್ಟಿದ ವಿಚಿತ್ರ ಭಾಗ್ಯವಿದು.

ಅಂಥ ಗುರುಗಳಲ್ಲಿ ಒಬ್ಬರು ಮರ್ಜ್ ಟೇಟ್. ಮಿಷಿಗನ್ ರಾಜ್ಯದ ಶಿಕ್ಷಕ ಕಾಲೇಜಿನಿಂದ ಶ್ರೇಷ್ಠ ದರ್ಜೆಯಲ್ಲಿ ತೇರ್ಗಡೆಯಾದರೂ ಆ ರಾಜ್ಯದ ಯಾವ ಪ್ರೌಢಶಾಲೆಯೂ ಅವರಿಗೆ ಕೆಲಸ ಕೊಡಲಿಲ್ಲ. 1927ರಲ್ಲಿ ಅಟಕ್ಸ್ ಶಾಲೆಗೆ ಬಂದು ಐದು ವರ್ಷ ಇತಿಹಾಸ ಬೋಧಿಸಿದರು. ವಿದ್ಯಾರ್ಥಿಗಳಿಗಾಗಿ ಪ್ರವಾಸ ಸಂಘವೊಂದನ್ನು ಕಟ್ಟಿ, ಮಕ್ಕಳನ್ನು ರಾಷ್ಟ್ರದ ರಾಜಧಾನಿ ವಾಷಿಂಗ್ಟನ್ನಿಗೆ ಕರೆದೊಯ್ದು ತೋರಿಸಿದರು. ಅಲ್ಲಿಂದ ಮುಂದೆ ಆಕ್ಸ್‌ಫರ್ಡ್‌ಗೆ ಹೋಗಿ 1935ರಲ್ಲಿ ಅಲ್ಲಿಯ ಪದವಿ ಪಡೆದ ಮೊದಲ ಆಫ್ರಿಕಾ ಮೂಲದ ಅಮೆರಿಕನ್ ಮಹಿಳೆಯಾದರು; ನಿಶ್ಶಸ್ತ್ರೀಕರಣದ ಇತಿಹಾಸವನ್ನು ಕುರಿತು ಪ್ರಮಾಣಗ್ರಂಥ ಬರೆದರು; ಹವರ್ಡ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. ಭಾರತೀಯ ವಾಚಕರಿಗೆ ಇನ್ನೊಂದು ವಿಷಯವೂ ಸ್ವಾರಸ್ಯಕರ. 1950-51ರಲ್ಲಿ ಅವರು ಫುಲ್‌ಬ್ರೈಟ್ ವಿದ್ವಾಂಸರಾಗಿ ರವೀಂದ್ರನಾಥ ಠಾಕೂರರ ಶಾಂತಿನಿಕೇತನಕ್ಕೆ ಬಂದು ವಿಶ್ವಭಾರತಿಯಲ್ಲಿ ಬೋಧಿಸಿದರು. ಇಂಡಿಯಾನಾಪೊಲಿಸ್‌ನ ಕರಿಯ ಮಕ್ಕಳಿಗೆ ಭೂಪಟ ಬಿಡಿಸಿ ಪಾಠ ಹೇಳಿದವರೇ ಕಾಲು ಶತಮಾನದೊಳಗೆ ಬಂಗಾಳದ ತರುಣರಿಗೂ ಪಾಠ ಹೇಳಿದರು.

1930ರಿಂದ 1957ರವರೆಗೆ ಪ್ರಾಚಾರ್ಯರಾಗಿದ್ದ ರಸೆಲ್ ಲೇನ್ ಅವರೇ ಈ ಶಾಲೆಯ ನಿಜವಾದ ಶಿಲ್ಪಿ. ಅವರು ಕಾನೂನನ್ನೂ ಓದಿದ್ದವರು. ಶಿಸ್ತಿನ ವಿಷಯದಲ್ಲಿ ಕಠಿನರು. ಬಿಳಿಯರ ನಗರ ತಮ್ಮ ಮಕ್ಕಳ ಒಂದೊಂದು ನಡೆಯನ್ನೂ ಗಮನಿಸುತ್ತಿದೆ, ಒಬ್ಬನ ತಪ್ಪು ಜನಾಂಗದ ತಪ್ಪಾಗಿ ಪರಿಗಣಿಸಲ್ಪಡುತ್ತದೆ ಎಂಬ ಎಚ್ಚರ ಅವರನ್ನು ಎಂದೂ ಬಿಡಲಿಲ್ಲ. ಈ ಎಚ್ಚರ ಶಾಲೆಗೆ ಗೌರವ ತಂದಿತು. ಕೆಲವೊಮ್ಮೆ ಅತಿಯೂ ಆಯಿತು. 1934ರಲ್ಲಿ ಸರ್ಕಾರದ ಕಲಾಯೋಜನೆಯೊಂದರ ಅಡಿಯಲ್ಲಿ ನಗರದ ಕರಿಯ ಚಿತ್ರಕಾರ ಜಾನ್ ವೆಸ್ಲಿ ಹಾರ್ಡ್ರಿಕ್ ಅವರು ಈ ಶಾಲೆಗೆಂದು ಭಿತ್ತಿಚಿತ್ರವೊಂದನ್ನು ರಚಿಸಿದರು. ಎರಕದ ಕಾರ್ಖಾನೆಯಲ್ಲಿ ಕಾದ ಲೋಹವನ್ನು ಹೊಯ್ಯುತ್ತಿರುವ ಮೂವರು ಕರಿಯ ಕಾರ್ಮಿಕರು ಅದರ ವಸ್ತು. ಲೇನ್ ಅದನ್ನು ಸ್ವೀಕರಿಸಲಿಲ್ಲ. ಮಕ್ಕಳು ಮೈಮುರಿದು ದುಡಿಯುವ ಕೂಲಿಗಿಂತ ಮೇಲಿನ ಗುರಿಯನ್ನು ಕಾಣಬೇಕೆಂಬುದು ಅವರ ನಿಲುವು. ಆ ಮಕ್ಕಳ ತಂದೆಯರಲ್ಲಿ ಎಷ್ಟೋ ಮಂದಿ ಅಂಥ ಕೆಲಸದಿಂದಲೇ ಅವರನ್ನು ಸಾಕುತ್ತಿದ್ದರು. ಚಿತ್ರಕಾರನ ಪಕ್ಷವೇ ಹಿರಿದೆಂದು ಇಂದಿನ ವಾಚಕನಿಗೆ ತೋರುವುದು ಸಹಜ. ಆದರೆ ಕರಿಯರೆಂದರೆ ಕೂಲಿಗಳೆಂದೇ ತಿಳಿದಿದ್ದ ಕಾಲದಲ್ಲಿ ಪ್ರಾಚಾರ್ಯರೊಬ್ಬರಿಗಿದ್ದ ಅಳುಕನ್ನು ಕೇವಲ ಅಹಂಕಾರವೆಂದು ತಳ್ಳಿಹಾಕಲಾಗದು. ಚಿತ್ರ ಕಳೆದುಹೋಗಿದೆ.

ಸಂಗೀತದಲ್ಲಿ ಇಂಥ ಸಂಕೋಚವಿರಲಿಲ್ಲ, ಅಥವಾ ಇದ್ದರೂ ಅದು ನಿಲ್ಲಲಿಲ್ಲ. ಶಾಲೆಯ ಸಮೀಪದಲ್ಲಿಯೇ ಇಂಡಿಯಾನಾ ಅವೆನ್ಯೂ ಎಂಬ ಬೀದಿ. ಜಾಝ್ ಸಂಗೀತದ ಮಂದಿರಗಳು ಸಾಲಾಗಿದ್ದ ಆ ಬೀದಿ ಕರಿಯರ ಬಡಾವಣೆಯ ಹೃದಯವಾಗಿತ್ತು. ಶಾಲೆಯಲ್ಲಿ ಲವರ್ನ್ ನ್ಯೂಸಮ್, ನಾರ್ಮನ್ ಮೆರಿಫೀಲ್ಡ್, ರಸೆಲ್ ಬ್ರೌನ್ ಮೊದಲಾದ ಅಧ್ಯಾಪಕರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಸ್ವರಲಿಪಿ ಸಹಿತ ಕಟ್ಟುನಿಟ್ಟಾಗಿ ಕಲಿಸುತ್ತಿದ್ದರು. ಹಗಲು ಶಾಲೆಯ ವಾದ್ಯವೃಂದ, ಇರುಳು ಬೀದಿಯ ಜಾಝ್, ಹೀಗೆ ಎರಡು ಗುರುಕುಲಗಳಲ್ಲಿ ಒಮ್ಮೆಲೇ ಕಲಿತ ಹುಡುಗರು ಅಲ್ಲಿಂದ ಹೊರಬಂದರು. ಟ್ರೊಂಬೋನ್ ಎಂಬ ಹಿತ್ತಾಳೆಯ ಊದುವಾದ್ಯವೊಂದನ್ನೇ ತೆಗೆದುಕೊಂಡರೆ, ಆ ವಾದ್ಯದ ಆಧುನಿಕ ಶೈಲಿಗೆ ಆದ್ಯನೆನಿಸಿದ ಜೆ. ಜೆ. ಜಾನ್ಸನ್, ಸಂಯೋಜಕನಾಗಿಯೂ ಹೆಸರಾದ ಸ್ಲೈಡ್ ಹ್ಯಾಂಪ್ಟನ್, ಡೇವಿಡ್ ಬೇಕರ್ ಈ ಮೂವರೂ ಅಟಕ್ಸ್ ಶಾಲೆಯವರು. ಅಮೆರಿಕದ ರಾಷ್ಟ್ರೀಯ ಕಲಾನಿಧಿ ಜಾಝ್ ಕಲಾವಿದರಿಗೆ ಕೊಡುವ ಅತ್ಯುನ್ನತ ಗೌರವ ಜಾನ್ಸನ್‌ಗೆ 1996ರಲ್ಲಿ, ಬೇಕರ್‌ಗೆ 2000ದಲ್ಲಿ, ಹ್ಯಾಂಪ್ಟನ್‌ಗೆ 2005ರಲ್ಲಿ ಸಂದಿತು.

ಬೇಕರ್ ಅವರ ಜೀವನ ವಿಶೇಷವಾಗಿ ಉಲ್ಲೇಖನೀಯ. ವಾಹನ ಅಪಘಾತದಲ್ಲಿ ದವಡೆಗೆ ಆದ ಪೆಟ್ಟಿನಿಂದ ಅವರು ಕಾಲಕ್ರಮದಲ್ಲಿ ಊದುವಾದ್ಯವನ್ನೇ ಬಿಡಬೇಕಾಯಿತು. ಎದೆಗುಂದದೆ ಸೆಲ್ಲೊ ಎಂಬ ತಂತಿವಾದ್ಯವನ್ನು ಕಲಿತರು. ಅದಕ್ಕಿಂತ ಹೆಚ್ಚಾಗಿ ಬೋಧನೆಗೆ ತಿರುಗಿದರು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜಾಝ್ ಅಧ್ಯಯನ ವಿಭಾಗವನ್ನು ಕಟ್ಟಿ ಬೆಳೆಸಿದವರು ಅವರೇ. ಬೀದಿಯ ಸಂಗೀತವೆಂದು ವಿದ್ವಾಂಸರು ಕಡೆಗಣಿಸಿದ್ದುದನ್ನು ಪಾಠಕ್ರಮವಾಗಿ ರೂಪಿಸುವ ಕಾರ್ಯ, ಬೀದಿಗೂ ಶಾಲೆಗೂ ಸಮಾನವಾಗಿ ಋಣಿಯಾಗಿದ್ದವರಿಂದಲೇ ಆಗಬೇಕಾಗಿತ್ತು. 2016ರಲ್ಲಿ ಅವರು ನಿಧನರಾದರು.

ಆದರೆ ಅಟಕ್ಸ್ ಎಂಬ ಹೆಸರು ಇಂಡಿಯಾನಾದ ಹಳ್ಳಿಹಳ್ಳಿಗೂ ತಲುಪಿದುದು ಬ್ಯಾಸ್ಕೆಟ್‌ಬಾಲ್ ಆಟದಿಂದ. ಆ ರಾಜ್ಯದಲ್ಲಿ ಈ ಆಟಕ್ಕಿರುವ ಸ್ಥಾನವನ್ನು ತಿಳಿಯದೆ ಮುಂದಿನ ಸಂಗತಿಗಳ ತೂಕ ತಿಳಿಯದು. ಅಂದು ರಾಜ್ಯದ ಎಲ್ಲ ಪ್ರೌಢಶಾಲೆಗಳೂ, ಕೆಲವೇ ಮಕ್ಕಳಿರುವ ಹಳ್ಳಿಯ ಶಾಲೆಯಿಂದ ಹಿಡಿದು ಸಾವಿರಾರು ಮಕ್ಕಳಿರುವ ನಗರದ ಶಾಲೆಯವರೆಗೆ, ಒಂದೇ ಪಂದ್ಯಾವಳಿಯಲ್ಲಿ ಸೆಣಸುತ್ತಿದ್ದವು. ಮಾರ್ಚ್ ತಿಂಗಳೆಂದರೆ ಅಲ್ಲಿ ಒಂದು ಜಾತ್ರೆ. ಈ ಜಾತ್ರೆಗೆ ಅಟಕ್ಸ್ ಶಾಲೆಗೆ ಮಾತ್ರ ಪ್ರವೇಶವಿರಲಿಲ್ಲ. ರಾಜ್ಯದ ಕ್ರೀಡಾ ಸಂಘ ಕೊಟ್ಟ ಕಾರಣ ಕೇಳತಕ್ಕದ್ದು: ಈ ಶಾಲೆಯಲ್ಲಿ ಒಂದೇ ಜನಾಂಗದ ಮಕ್ಕಳಿರುವುದರಿಂದ ಅದು ಎಲ್ಲರಿಗೂ ತೆರೆದ ಸಾರ್ವಜನಿಕ ಶಾಲೆಯಲ್ಲ! ಸಾರ್ವಜನಿಕರ ತೆರಿಗೆಯಿಂದ, ಸಾರ್ವಜನಿಕ ಮಂಡಲಿಯೇ, ಬಿಳಿಯರ ಕೋರಿಕೆಯ ಮೇರೆಗೆ ಒಂದೇ ಜನಾಂಗಕ್ಕಾಗಿ ಕಟ್ಟಿದ ಶಾಲೆಗೆ ಈ ಉತ್ತರ. ಹದಿನೈದು ವರ್ಷಗಳ ಕಾಲ ಅಟಕ್ಸ್ ತಂಡ ತನ್ನಂತೆಯೇ ಬೇರ್ಪಟ್ಟ ಶಾಲೆಗಳನ್ನು ಹುಡುಕಿಕೊಂಡು ನೆರೆಯ ರಾಜ್ಯಗಳಿಗೆ ಅಲೆಯಿತು. 1942ರಲ್ಲಿ ಕ್ರೀಡಾ ಸಂಘದ ನಿಯಮ ಬದಲಾಯಿತು. ಕರಿಯರ ಶಾಲೆಗಳಿಗೂ ಕ್ರೈಸ್ತ ಧಾರ್ಮಿಕ ಶಾಲೆಗಳಿಗೂ ಬಾಗಿಲು ತೆರೆಯಿತು.

ಪ್ರವೇಶ ದೊರೆತರೂ ಅಂಗಳವಿರಲಿಲ್ಲ. ಶಾಲೆಯ ವ್ಯಾಯಾಮ ಮಂದಿರ ಪ್ರೇಕ್ಷಕರನ್ನು ಕೂರಿಸಲಾಗದಷ್ಟು ಚಿಕ್ಕದು. ಪ್ರತಿಯೊಂದು ಪಂದ್ಯವೂ ಪರಸ್ಥಳದಲ್ಲಿಯೇ. ಮೊದಲ ವರ್ಷಗಳಲ್ಲಿ ತರಬೇತುದಾರರಾಗಿದ್ದ ಫಿಟ್ಜ್‌ಹ್ಯೂ ಲಯನ್ಸ್ ಅವರು ಎದುರಾಳಿಗಳಿಗೆ ಮೈ ತಾಗದಂತೆ, ಯಾರಿಗೂ ನೋವಾಗದಂತೆ ಆಡಲು ಹುಡುಗರಿಗೆ ಕಲಿಸಿದರು. ಪ್ರಾಚಾರ್ಯರ ಇಚ್ಛೆಯೂ ಅದೇ. 1950ರಲ್ಲಿ ಬಂದ ರೇ ಕ್ರೋ ಅವರು ಶಿಸ್ತನ್ನು ಹಾಗೆಯೇ ಉಳಿಸಿಕೊಂಡು ಅಂಜಿಕೆಯನ್ನು ಮಾತ್ರ ತೆಗೆದರು. ಗಣಿತದ ಅಧ್ಯಾಪಕರಾಗಿ ಕೆಲಸ ಮಾಡಿದ್ದ ಈ ಮಿತಭಾಷಿ ತಮ್ಮ ಹುಡುಗರ ಮನೆಗಳಿಗೆ ಹೋಗಿ ಊಟ ಬಟ್ಟೆಗಳ ಸ್ಥಿತಿಯನ್ನು ವಿಚಾರಿಸುತ್ತಿದ್ದವರು. ಏಳು ವರ್ಷಗಳಲ್ಲಿ ಅವರ ತಂಡ 179 ಪಂದ್ಯಗಳನ್ನು ಗೆದ್ದು ಕೇವಲ 20ರಲ್ಲಿ ಸೋತಿತು. ಮೊದಲ ವರ್ಷವೇ, 1951ರಲ್ಲಿ, ಆಂಡರ್ಸನ್ ಶಾಲೆಯ ವಿರುದ್ಧ ಕೊನೆಯ ಕ್ಷಣದಲ್ಲಿ ಬೇಲಿ ರಾಬರ್ಟ್‌ಸನ್ ಎಂಬ ಹುಡುಗ ಎಸೆದ ಚೆಂಡು ಬುಟ್ಟಿ ಸೇರಿ 81-80ರಿಂದ ಜಯ ಲಭಿಸಿತು. ರಾಜ್ಯದ ಕೊನೆಯ ನಾಲ್ಕು ತಂಡಗಳಲ್ಲಿ ಅಟಕ್ಸ್ ಸ್ಥಾನ ಪಡೆಯಿತು. ನಗರದ ಕರಿಯ ಬಡಾವಣೆಗಳಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲವೆಂದು ಹಿರಿಯರು ನೆನೆಯುತ್ತಿದ್ದರು.

ಬೇಲಿಯ ತಮ್ಮನೇ ಆಸ್ಕರ್ ರಾಬರ್ಟ್‌ಸನ್. 1938ರಲ್ಲಿ ಟೆನೆಸ್ಸೀ ರಾಜ್ಯದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕುಟುಂಬದೊಡನೆ ಇಂಡಿಯಾನಾಪೊಲಿಸ್‌ಗೆ ಬಂದವನು. ಮನೆಯ ಸಮೀಪದ ಧೂಳಿನ ಅಂಗಳವೇ ಅವನ ಮೊದಲ ಆಟದ ಶಾಲೆ. 1954ರಲ್ಲಿ ಅವನಿದ್ದ ತಂಡವನ್ನು ಮೈಲನ್ ಎಂಬ ಪುಟ್ಟ ಹಳ್ಳಿಯ ಶಾಲೆ 65-52ರಿಂದ ಸೋಲಿಸಿ, ಮುಂದೆ ರಾಜ್ಯ ಪ್ರಶಸ್ತಿಯನ್ನೇ ಗೆದ್ದಿತು. ಆ ಹಳ್ಳಿಯ ಹುಡುಗರ ಸಾಹಸ 1986ರಲ್ಲಿ ಪ್ರಸಿದ್ಧ ಚಲನಚಿತ್ರವೊಂದಕ್ಕೆ ಪ್ರೇರಣೆಯಾಯಿತು. ಅದರಲ್ಲಿ ಎದುರಾಳಿ ತಂಡದ ತರಬೇತುದಾರನ ಪಾತ್ರದಲ್ಲಿ ರೇ ಕ್ರೋ ಅವರೇ ಕಾಣಿಸಿಕೊಂಡರು. ಮರುವರ್ಷದ ಅವರದೇ ಕಥೆ ಅಂಥ ಚಿತ್ರವಾಗಲಿಲ್ಲ.

ಆ ಮರುವರ್ಷ, 1955. ಋತುವಿನಲ್ಲಿ ಒಂದೇ ಒಂದು ಸೋಲು. ಮನ್ಸಿ ಸೆಂಟ್ರಲ್ ಶಾಲೆಯ ವಿರುದ್ಧ 71-70ರಿಂದ ಪಾರಾಗಿ ಅಂತಿಮ ಪಂದ್ಯಕ್ಕೆ ಬಂದಾಗ ಎದುರಿಗಿದ್ದುದು ಗ್ಯಾರಿ ನಗರದ ರೂಸ್‌ವೆಲ್ಟ್ ಶಾಲೆ, ಅದೂ ಕರಿಯರದೇ. ಹದಿಮೂರು ವರ್ಷ ಹಿಂದೆ ಒಳಗೆ ಬರಲು ಅರ್ಹತೆಯಿಲ್ಲದಿದ್ದ ಎರಡು ಶಾಲೆಗಳು ರಾಜ್ಯದ ಕಿರೀಟಕ್ಕಾಗಿ ಎದುರುಬದುರಾದವು. ಅಟಕ್ಸ್ 97-74ರಿಂದ ಗೆದ್ದಿತು. ಅಮೆರಿಕದಲ್ಲಿ ಎಲ್ಲ ಜನಾಂಗಗಳಿಗೂ ತೆರೆದ ರಾಜ್ಯಮಟ್ಟದ ಪಂದ್ಯಾವಳಿಯನ್ನು ಕರಿಯ ಮಕ್ಕಳ ಶಾಲೆಯೊಂದು ಗೆದ್ದುದು ಅದೇ ಮೊದಲು. ಇಂಡಿಯಾನಾಪೊಲಿಸ್ ನಗರದ ಯಾವ ಶಾಲೆಯೂ ಅದುವರೆಗೆ ಆ ಪ್ರಶಸ್ತಿಯನ್ನು ತಂದಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಗೆದ್ದ ತಂಡವನ್ನು ಅಗ್ನಿಶಾಮಕ ವಾಹನದ ಮೇಲೆ ಕೂರಿಸಿ ನಗರದ ನಡುವಣ ಸ್ಮಾರಕ ವೃತ್ತಕ್ಕೆ ಕರೆತಂದು ಅಲ್ಲಿ ಉತ್ಸವ ನಡೆಸುವುದು ಪದ್ಧತಿ. ಅಂದೂ ವಾಹನ ವೃತ್ತಕ್ಕೆ ಬಂದಿತು. ಒಂದು ಸುತ್ತು ಹಾಕಿತು. ನಿಲ್ಲದೆ ನೇರವಾಗಿ ಕರಿಯರ ಬಡಾವಣೆಯ ವಾಯವ್ಯದ ಉದ್ಯಾನಕ್ಕೆ ಹೊರಟುಹೋಯಿತು. ನಗರದ ನಡುವೆ ಕರಿಯರು ಗುಂಪುಗೂಡಿದರೆ ಗಲಭೆಯಾದೀತೆಂದು ಅಧಿಕಾರಿಗಳು ಶಂಕಿಸಿದ್ದರು. ಆಸ್ಕರ್ ಉದ್ಯಾನದಲ್ಲಿ ಹೆಚ್ಚು ಹೊತ್ತು ನಿಲ್ಲದೆ ತಂದೆಯ ಮನೆಗೆ ಹೋಗಿ ಮೌನವಾಗಿ ಕುಳಿತನು. ಮುಂದಿನ ವರ್ಷ 31 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ತಂಡ ಮತ್ತೆ ಪ್ರಶಸ್ತಿ ಗೆದ್ದಿತು. ರಾಜ್ಯದ ಚರಿತ್ರೆಯಲ್ಲಿ ಅಜೇಯವಾಗಿ ಗೆದ್ದ ಮೊದಲ ತಂಡವದು. 1959ರಲ್ಲಿ ಮೂರನೆಯ ಪ್ರಶಸ್ತಿ. ಆಸ್ಕರ್ ಮುಂದೆ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ವರ್ಣಪದಕ ಗೆದ್ದು ಆ ಆಟದ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರಾದರು. ವೃತ್ತಿಪರ ಆಟಗಾರರನ್ನು ಒಡೆಯರ ಸ್ವತ್ತಿನಂತೆ ಕಟ್ಟಿಹಾಕಿದ್ದ ಕರಾರುಗಳ ವಿರುದ್ಧ 1970ರಲ್ಲಿ ಹೂಡಿದ ದಾವೆ ಅವರ ಹೆಸರಿನಲ್ಲಿಯೇ ಇದೆ. ಆದರೂ ಆ ವೃತ್ತದ ರಾತ್ರಿಯನ್ನು ಅವರು ಮರೆಯಲಿಲ್ಲ. ವೃದ್ಧಾಪ್ಯದಲ್ಲಿಯೂ ಅದನ್ನು ನೋವಿನಿಂದಲೇ ಪ್ರಸ್ತಾಪಿಸಿದ್ದಾರೆ.

ಶಾಲೆಯ ಇತರ ಹಳೆಯ ವಿದ್ಯಾರ್ಥಿಗಳ ಪಟ್ಟಿ ದೀರ್ಘವಾದುದು. ಸೇನೆಯಲ್ಲಿ ಮೇಜರ್ ಜನರಲ್ ಪದವಿಗೇರಿದ ಹ್ಯಾರಿ ಬ್ರೂಕ್ಸ್, ಗೀತನಾಟಕದ ವಿಖ್ಯಾತ ಗಾಯಕಿ ಏಂಜೆಲಾ ಬ್ರೌನ್ ಇವರಿಬ್ಬರನ್ನು ಹೆಸರಿಸಿದರೆ ಸಾಕು. 1955ರಲ್ಲಿ, ಆ ವಿಜಯದ ವರ್ಷದಲ್ಲಿಯೇ, ತೇರ್ಗಡೆಯಾದ ಜೂಲಿಯಾ ಕಾರ್ಸನ್ ಬಡ ತಾಯಿಯೊಬ್ಬಳ ಮಗಳು. 1996ರಲ್ಲಿ ಅವರು ಅಮೆರಿಕದ ಕಾಂಗ್ರೆಸ್ಸಿಗೆ ಚುನಾಯಿತರಾದರು. ಇಂಡಿಯಾನಾಪೊಲಿಸ್ ಅಲ್ಲಿಗೆ ಕಳುಹಿಸಿದ ಮೊದಲ ಮಹಿಳೆಯೂ ಮೊದಲ ಕರಿಯ ಪ್ರತಿನಿಧಿಯೂ ಅವರೇ. 2007ರಲ್ಲಿ ನಿಧನರಾಗುವವರೆಗೂ ಆ ಸ್ಥಾನದಲ್ಲಿದ್ದರು.

ಇನ್ನು ಕ್ಷಯದ ಅಧ್ಯಾಯ. 1949ರ ರಾಜ್ಯ ಶಾಸನ ಶಾಲೆಗಳಲ್ಲಿ ಜನಾಂಗಭೇದವನ್ನು ನಿಷೇಧಿಸಿತು. 1954ರಲ್ಲಿ ರಾಷ್ಟ್ರದ ಉಚ್ಚತಮ ನ್ಯಾಯಾಲಯವೂ ಅದನ್ನೇ ಹೇಳಿತು. ಆದರೆ ಇಂಡಿಯಾನಾಪೊಲಿಸ್‌ನಲ್ಲಿ ಶಾಲೆಗಳ ಎಲ್ಲೆಗಳನ್ನು ಗುರುತಿಸಿದ ರೀತಿಯಿಂದ ಅಟಕ್ಸ್ ಕರಿಯರ ಶಾಲೆಯಾಗಿಯೇ ಉಳಿಯಿತು. ಕೇಂದ್ರ ಸರ್ಕಾರದ ನ್ಯಾಯಾಂಗ ಇಲಾಖೆ 1968ರಲ್ಲಿ ದಾವೆ ಹೂಡಿತು. 1971ರಲ್ಲಿ ನ್ಯಾಯಾಧೀಶ ಹ್ಯೂ ಡಿಲಿನ್ ಅವರು ನಗರದ ಶಾಲಾಡಳಿತ ಉದ್ದೇಶಪೂರ್ವಕವಾಗಿಯೇ ಮಕ್ಕಳನ್ನು ಬೇರ್ಪಡಿಸಿದೆಯೆಂದು ತೀರ್ಪಿತ್ತರು. ತೀರ್ಪು ನ್ಯಾಯವಾದುದು. ಅದರ ಭಾರ ಬಿದ್ದುದು ಮಾತ್ರ ಕರಿಯರ ಮೇಲೆಯೇ. 1981ರಿಂದ ಹೊರವಲಯದ ಶಾಲೆಗಳಿಗೆ ಬಸ್ಸುಗಳಲ್ಲಿ ಒಯ್ಯಲ್ಪಟ್ಟವರು ಕರಿಯ ಮಕ್ಕಳು. ಆ ಕಡೆಯಿಂದ ಈ ಕಡೆಗೆ ಬಿಳಿಯ ಮಕ್ಕಳ ಬಸ್ಸು ಬರಲಿಲ್ಲ. ಇತ್ತ ಹೆದ್ದಾರಿಗೂ ವಿಶ್ವವಿದ್ಯಾಲಯದ ವಿಸ್ತರಣೆಗೂ ಶಾಲೆಯ ಸುತ್ತಣ ಹಳೆಯ ಬಡಾವಣೆಗಳು ಬಲಿಯಾದವು. ಪದವೀಧರ ಕರಿಯರಿಗೆ ಬೇರೆ ಬಾಗಿಲುಗಳು ತೆರೆದಂತೆ, ಮರ್ಜ್ ಟೇಟ್‌ರಂಥವರು ಪ್ರೌಢಶಾಲೆಗೆ ಬರಬೇಕಾದ ಅಗತ್ಯವೂ ಉಳಿಯಲಿಲ್ಲ. ಶಾಲೆಗೆ ದೊಡ್ಡ ವ್ಯಾಯಾಮ ಮಂದಿರ ದೊರೆತುದು 1966ರಲ್ಲಿ, ಅದರ ಮಹಾವಿಜಯಗಳೆಲ್ಲ ಮುಗಿದ ಮೇಲೆ. 1986ರಲ್ಲಿ, ಹಳೆಯ ವಿದ್ಯಾರ್ಥಿಗಳ ಪ್ರತಿಭಟನೆಯ ನಡುವೆ, ಅದನ್ನು ಕೆಳದರ್ಜೆಯ ಶಾಲೆಯಾಗಿ ಪರಿವರ್ತಿಸಲಾಯಿತು.

ಇಲ್ಲಿ ಒಂದು ಅಪಾಯಕರ ತರ್ಕ ತಲೆಯೆತ್ತುತ್ತದೆ: ಬೇರ್ಪಟ್ಟಿದ್ದಾಗಲೇ ಶಾಲೆ ಚೆನ್ನಾಗಿತ್ತಲ್ಲವೆ ಎಂದು. ಹಳೆಯ ವಿದ್ಯಾರ್ಥಿಗಳ ಅಭಿಮಾನದ ಮಾತುಗಳಲ್ಲಿಯೂ ಇದರ ಛಾಯೆಯುಂಟು. ಆದರೆ ಶಾಲೆಯನ್ನು ಉನ್ನತಗೊಳಿಸಿದುದು ಗೋಡೆಯಲ್ಲ. ಗೋಡೆಯ ಒಳಗೆ ಸಿಕ್ಕಿಬಿದ್ದ ಗುರುಗಳು ತಮ್ಮ ಮಕ್ಕಳ ವಿಷಯದಲ್ಲಿ ಇಟ್ಟ ನಿರೀಕ್ಷೆ ಅದನ್ನು ಉನ್ನತಗೊಳಿಸಿತು. ಗೋಡೆಯನ್ನು ಕೆಡವಿದವರು ಆ ಗುರುಪರಂಪರೆಯನ್ನು ಉಳಿಸಿಕೊಳ್ಳುವ ಬಗೆಯನ್ನು ಯೋಚಿಸಲಿಲ್ಲ. ಹಳೆಯ ಶಾಲೆಯನ್ನು ಪರಿಹರಿಸಬೇಕಾದ ಸಮಸ್ಯೆಯೆಂದು ಮಾತ್ರ ಕಂಡರು. ಹೊಸ ಶಾಲೆಗಳಿಗೆ ಹೋದ ಕರಿಯ ಮಕ್ಕಳಿಗೆ ಕಟ್ಟಡ ದೊರೆಯಿತು, ಪ್ರಯೋಗಶಾಲೆ ದೊರೆಯಿತು. ಮನೆಗೆ ಬಂದು ಊಟವಾಯಿತೆ ಎಂದು ಕೇಳುವ ಕ್ರೋ ಅವರಂಥ ಗುರು ಎಲ್ಲರಿಗೂ ದೊರೆಯಲಿಲ್ಲ.

1989ರಲ್ಲಿ ಕಟ್ಟಡ ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. 1998ರಲ್ಲಿ ಅದರೊಳಗೆ ವಸ್ತುಸಂಗ್ರಹಾಲಯವೊಂದು ತೆರೆಯಿತು. ಸಾಮಾನ್ಯವಾಗಿ ಸಂಗ್ರಹಾಲಯ ಬಂದಿತೆಂದರೆ ಸಂಸ್ಥೆಯ ಆಯುಷ್ಯ ಮುಗಿದಂತೆ. ಇಲ್ಲಿ ಹಾಗಾಗಲಿಲ್ಲ. 2006ರಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಅಣಿಗೊಳಿಸುವ ವಿಶೇಷ ಶಾಲೆಯಾಗಿ ಅಟಕ್ಸ್ ಮತ್ತೆ ಪ್ರೌಢಶಾಲೆಯ ರೂಪ ತಾಳಿತು. 2015ರ ಮೇ ತಿಂಗಳಿನ ನಗರೋತ್ಸವದ ಮೆರವಣಿಗೆಯಲ್ಲಿ, ಅರವತ್ತು ವರ್ಷ ತಡವಾಗಿ, 1955ರ ತಂಡದಲ್ಲಿ ಉಳಿದಿದ್ದ ಆಟಗಾರರಿಗೆ ಅಗ್ರಸ್ಥಾನದ ಗೌರವ ಸಂದಿತು. 2017ರ ಮಾರ್ಚ್‌ನಲ್ಲಿ ಶಾಲೆಯ ಹೊಸ ಹುಡುಗರು ತಮ್ಮ ವರ್ಗದ ರಾಜ್ಯ ಪ್ರಶಸ್ತಿಯನ್ನು 73-71ರಿಂದ ಗೆದ್ದರು. ಅವರ ಕೊರಳಿಗೆ ಪದಕ ಹಾಕಲು ಅಂಗಳದಲ್ಲಿ ನಿಂತಿದ್ದವರು ಎಪ್ಪತ್ತೆಂಟು ವರ್ಷದ ಆಸ್ಕರ್ ರಾಬರ್ಟ್‌ಸನ್.